ಸೆರಗಿನ ಗಂಟಿನ ಬೆಲ್ಲ

ಚಿಮ್ಮಡ ಊರಿನಲ್ಲಿ ಯಾರ ಕಾಲು ಬಾತರೂ, ನಿಂತು ನಿಂತು ಬಾತಿವೆ ಎಂದು ಉಪ್ಪುನೀರಿನ ಶಾಖ ಕೊಟ್ಟು ಸುಮ್ಮನಾಗುವುದು ರೂಢಿ. ಗುರುಬಸವ್ವನೂ ಗಂಡ ಶಿದ್ರಾಮಪ್ಪನಿಗೆ ಅದನ್ನೇ ಮಾಡಿದ್ದಳು. ಬೆಲ್ಲದ ಗಾಣದ ಒಲೆ ಮುಂದೆ ಹಗಲೆಲ್ಲ ನಿಲ್ಲುವವನ ಕಾಲು ಬಾಯದೆ ಇರುತ್ತವೆಯೇ? ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕಿಡ್ನಿ ಕೈಕೊಟ್ಟಿದ್ದವು. ಅವನು ಉಳಿಯಲಿಲ್ಲ.

ಈಗಲೂ ಬಿಸಿ ಬೆಲ್ಲದ ವಾಸನೆ ಓಣಿಗೆ ಬಂದರೆ ಸಾಕು, ಆಕೆಗೆ ಅವನೇ ಬಂದಂತಾಗುತ್ತದೆ. ಯಾರೇ ಕೆಲಸಕ್ಕೆ ಹೊರಡಲಿ, ಬಾಯಿಗೆ ಬೆಲ್ಲ ಹಾಕದೆ ಅವನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಆ ಪದ್ಧತಿಯನ್ನು ಆಕೆ ಬಿಟ್ಟಿಲ್ಲ.

ಒಂದು ದಿನ ಆಶಾ ಕಾರ್ಯಕರ್ತೆ ಶೈಲಾ ಬಂದಳು. "ದೊಡ್ಡವ್ವಾ, ಕಿಡ್ನಿ ರೋಗದ ಮ್ಯಾಲೆ ಸಂಶೋಧನಾ ನಡದೈತಿ. ರೋಗ ಇದ್ದವರ ಮಕ್ಕಳ ರಕ್ತ ಬೇಕಂತ. ವೀರೇಶಣ್ಣನ್ನ ಕಳಸ್ರಿ."

"ಗಂಡನ್ನ ಕಳಕೊಂಡಾತು, ಇನ್ನ ಮಗನ ರಕ್ತಾನೂ ಕೊಡಬೇಕೇನ್ ಬೇ?" ಗುರುಬಸವ್ವ ಸಿಡುಕಿದಳು.

"ಒಂದು ಸಣ್ಣ ನಳಗಿಯಷ್ಟರೀ. ಅದನ್ನ ಮಷಿನಿನ್ಯಾಗ ತಿರುವಿದ್ರ ಕೆಂಪು ಕೆಳಗ ಕೂಡತೈತಿ, ಮ್ಯಾಲ ಹಳದಿ ತಿಳಿ ನಿಲ್ಲತೈತಿ. ಅದ ಪ್ಲಾಸ್ಮಾ. ಅದರಾಗ ಸಣ್ಣ ಸಣ್ಣ ಪ್ರೋಟೀನ, ಅವುಗಳ ತುಣುಕಿನಂಥಾ ಇನ್ನೂ ಸಣ್ಣ ಪೆಪ್ಟೈಡ ಇರತಾವ. ಕಾಲು ಬಾಯೂದಕ್ಕಿಂತ ಮೊದಲ ಅವು ರೋಗದ ಸುಳಿವು ಕೊಡತಾವೇನು ಅಂತ ಹುಡುಕಾಕತ್ತಾರ."

"ಅಷ್ಟರಾಗ ಏನ್ ತಿಳೀತೈತಿ?"

"ದೊಡ್ಡಪ್ಪಗ ಹೆಂಗ ತಿಳೀತಿತ್ತು? ಒಂದು ಹನಿ ಪಾಕ ನೀರಾಗ ಬಿಟ್ಟು, ಬೆರಳಾಗ ಉಂಡಿ ಮಾಡಿ, ಕೊಪ್ಪರಿಗಿ ಇಳಸ್ರಿ ಅಂತಿರಲಿಲ್ಲೇನು?"

ಆ ಬೆರಳುಗಳು ಗುರುಬಸವ್ವನ ಕಣ್ಣ ಮುಂದೆ ಬಂದವು. ಕೇಳಿದಳು: "ಇದರಿಂದ ನನ್ನ ಮಗ ಪಾರಾಗತಾನೇನು?"

"ಸುಳ್ಳ ಹೇಳೂದಿಲ್ಲ. ಇದು ಇನ್ನ ಹುಡುಕಾಟ, ಮುಂದಿನವರಿಗೆ ಉಪಯೋಗ ಆದೀತು. ಒಲ್ಲೆ ಅಂದ್ರ ಒತ್ತಾಯ ಇಲ್ಲ. ಆದ್ರ ಈಗ ಎಲ್ಲಾರಿಗೂ ಮಾಡೋ ಕಿಡ್ನಿ ಪರೀಕ್ಷಾ ವೀರೇಶಣ್ಣಗ ಆಸ್ಪತ್ರ್ಯಾಗ ಅಲ್ಲೇ ಮಾಡತಾರ. ಒಪ್ಪಿದ್ರ ನಾಳೆ ಮುಂಜಾನೆ ಖಾಲಿ ಹೊಟ್ಟೀಲೆ ಕಳಸ್ರಿ."

ಸಂಜೆ ಎಲ್ಲ ಕೇಳಿ ವೀರೇಶ ಒಪ್ಪಿದ. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದವನು ರಕ್ತ ಕೊಡದೆ ಹಾಗೇ ತಿರುಗಿ ಬಂದ. ಹಿಂದೆಯೇ ಶೈಲಾ. "ಖಾಲಿ ಹೊಟ್ಟೀಲೆ ಕಳಸ್ರಿ ಅಂದಿದ್ನಲ್ಲ ದೊಡ್ಡವ್ವಾ!"

"ಊಟಾ ಎಲ್ಲಿ ಹಾಕೇನಿ? ಬರೇ ಬೆಲ್ಲ..." ಎಂದವಳು ತನ್ನ ಬಾಯಿ ತಾನೇ ಮುಚ್ಚಿಕೊಂಡಳು. ಮೂವರೂ ನಕ್ಕರು.

ಮಾರನೆಯ ದಿನ ಮಗನ ಜೊತೆ ತಾನೂ ಹೊರಟಳು, ಬೆಲ್ಲವನ್ನು ಸೆರಗಿಗೆ ಗಂಟು ಹಾಕಿಕೊಂಡು. ರಕ್ತ ತೆಗೆದು ಹತ್ತಿ ಒತ್ತಿದ ಮೇಲೆಯೇ ಗಂಟು ಬಿಚ್ಚಿ ಮಗನ ಬಾಯಿಗಿಟ್ಟಳು.

"ತಿನ್ನಲೇ. ನಿಮ್ಮಪ್ಪ ಕೊಪ್ಪರಿಗಿ ಇಳಿಸೋ ಹೊತ್ತು ಬರೋಬ್ಬರಿ ಹಿಡೀತಿದ್ದ. ತನ್ನ ಮೈಯಾಗಿಂದು ಅವಗ ತಿಳೀಲಿಲ್ಲ. ನಿನಗರ ತಿಳೀಲಿ."

ಅಕ್ಕಂದಿರೇ, ಅಣ್ಣಂದಿರೇ, ಕಾಲು ಬಾತರೆ ಉಪ್ಪುನೀರಿಗೆ ಬಿಟ್ಟು ಕೂರಬೇಡಿ, ಪರೀಕ್ಷೆ ಮಾಡಿಸಿ. ಸಂಶೋಧನೆಗೆ ರಕ್ತ ಕೇಳಿದರೆ ಏತಕ್ಕೆಂದು ಬಾಯಿಬಿಟ್ಟು ಕೇಳಿ. ತಿಳಿದು ಮನಸ್ಸು ಒಪ್ಪಿದರೆ ತೋಳು ಚಾಚಿ. ಬೆಲ್ಲ ಮಾತ್ರ ಆಮೇಲೆ.