ಕೊರಳಿನ ಮೈಕು

ಹಸಿರು ದೀಪ ಇನ್ನೂ ಉರಿಯುತ್ತಿತ್ತು. ಬಿಡುವಿನ ಕೊನೆಗೆ ಕೈ ತೊಳೆಯಲು ಬಗ್ಗಿದವನಿಗೆ ಅದು ಕಂಡದ್ದು ಕನ್ನಡಿಯಲ್ಲಿ, ತನ್ನದೇ ಎದೆಯ ಮೇಲೆ.

ಪಾಠ ಮುಗಿದ ಕೂಡಲೇ ಮೈಕು ಆರಿಸಬೇಕು. ಅದನ್ನು ಶಾಲೆಗೆ ತಂದುಕೊಟ್ಟ ಕಂಪನಿಯವನು ಒತ್ತಿ ಒತ್ತಿ ಹೇಳಿದ್ದು ಅದೊಂದನ್ನೇ. ಬೆಂಕಿಪೊಟ್ಟಣದಷ್ಟು ಮೈಕು, ಚರಿತ್ರೆಯ ಮೇಷ್ಟ್ರಾದ ಅವನು ಅದನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡು ಪಾಠ ಮಾಡಿದರೆ, ಮಾತು ನೇರವಾಗಿ ಮುಂದಿನ ಬೆಂಚಿನ ಹುಡುಗಿಯ ಕಿವಿ ಮಷೀನಿಗೆ ಹೋಗಿ ಬೀಳುತ್ತದೆ. ನಡುವೆ ಗೋಡೆಯಿದ್ದರೂ ಬೀಳುತ್ತದೆ. ಹುಡುಗಿಗೆ ಹುಟ್ಟಿನಿಂದ ಕಿವಿ ಮಂದ. ತರಗತಿಯಲ್ಲಿ ಎಲ್ಲರೂ ಅವಳನ್ನು ಚೂಟಿ ಎನ್ನುತ್ತಾರೆ.

ಹಾಗಾದರೆ ಈಗಷ್ಟೇ ದೊಡ್ಡ ಮೇಡಂ ಕೋಣೆಯಲ್ಲಿ ಆಡಿ ಬಂದದ್ದೆಲ್ಲ?

"ಅವಳು ಇಲ್ಲಿರೋದು ಬೇಡ ಮೇಡಂ. ಕಿವಿ ಕೇಳದ ಮಕ್ಕಳ ಶಾಲೆಗೇ ಕಳಿಸಿಬಿಡೋಣ. ಅವಳ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಪಾಠ ಹಿಡಿಯಲ್ವಾ?"

"ಹಿಡೀತಾಳೆ. ಅದಲ್ಲ…"

"ಮತ್ತೇನು?"

"ಕ್ಲಾಸಿಗೆ ಒಂಥರಾ ಭಾರ."

ದೊಡ್ಡ ಮೇಡಂ ಕಿಟಕಿಯ ಕಡೆ ನೋಡಿದ್ದರು. "ಅವಳಪ್ಪ ಸಂಜೆ ಬರ್ತಾರೆ. ನೀವೇ ಹೇಳ್ಬಿಡಿ. ನೀವು ಬೇಡ ಅಂದ್ರೆ ಬೇಡ, ಇರ್ಲಿ ಅಂದ್ರೆ ಇರ್ಲಿ." ಹೀಗೆ ಅದನ್ನು ಅವನ ತಲೆಗೇ ಕಟ್ಟಿ ಕೈತೊಳೆದುಕೊಂಡಿದ್ದರು.

ನಿಜ ಬೇರೆಯೇ ಇತ್ತು. ವರ್ಷಗಟ್ಟಲೆ ಅವನ ಪಾಠವನ್ನು ಯಾರೂ ಕೇಳಿರಲಿಲ್ಲ. ಕಿವುಡನ ಮುಂದೆ ಕಿನ್ನರಿ ಎಂಬ ಗಾದೆ, ಕಿವಿ ನೆಟ್ಟಗಿದ್ದ ಆ ಮಕ್ಕಳಿಗೇ ಸರಿಯಾಗಿ ಹೊಂದುತ್ತಿತ್ತು. ಮನೆಯಲ್ಲೂ ಅಷ್ಟೇ. ಹೆಂಡತಿ ಫೋನು ನೋಡುತ್ತ ಹ್ಞೂಂ ಎನ್ನುತ್ತಿದ್ದಳು. ಅವನು ಮಾತು ನಿಲ್ಲಿಸಿದ ಮೇಲೂ ಹ್ಞೂಂ ಎನ್ನುತ್ತಿದ್ದಳು. ಅದು ಅವನಿಗೆ ಒಗ್ಗಿಹೋಗಿತ್ತು. ಕೇಳುವವರಿಲ್ಲದವನು ಏನು ಹೇಳಿದರೂ ನಡೆಯುತ್ತದೆ.

ಅಷ್ಟರಲ್ಲಿ ಈ ಮೈಕು ಬಂತು. ವಾರ ಕಳೆಯುವುದರೊಳಗೆ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಒಬ್ಬೊಬ್ಬ ರಾಜ ಸತ್ತಾಗ್ಲೂ ನಿಟ್ಟುಸಿರು ಬಿಡ್ತೀರಲ್ಲ, ಅಷ್ಟು ಬೇಜಾರಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಅಂದಿನಿಂದ ಯಾರೋ ಎದೆಗೆ ಕಿವಿಯಿಟ್ಟು ಕೂತಂತೆ, ಉಸಿರಾಡಲೂ ಅಂಜಿಕೆ.

ಕೊನೆಯ ಪಿರಿಯಡ್ಡು ಅವನದೇ. ಹುಡುಗಿ ಎಂದಿನಂತೆ ಮುಂದಿನ ಬೆಂಚಿನಲ್ಲಿದ್ದಳು. ಕೂದಲು ಕಿವಿಗಳನ್ನು ಮುಚ್ಚಿತ್ತು.

"ಬಿಡುವಿನಲ್ಲಿ ಎಲ್ಲಿದ್ದೆ?"

"ಇಲ್ಲೇ ಇದ್ದೆ ಸರ್."

"ಮಷೀನು ಕಿವಿಯಲ್ಲೇ ಇತ್ತಾ?"

"ಯಾವಾಗ್ಲೂ ಇರುತ್ತಲ್ಲ ಸರ್." ಅವಳು ಅವನ ಕಣ್ಣನ್ನು ನೋಡಲಿಲ್ಲ, ತುಟಿಯನ್ನೇ ನೋಡುತ್ತಿದ್ದಳು. "ಪಾಠ ಮಾಡಿ ಸರ್."

ಮಾಡಿದ. ಅಂದು ಮೂವರು ರಾಜರು ಸತ್ತರು. ಅವನು ಉಸಿರು ಬಿಗಿಹಿಡಿದೇ ಇದ್ದ.

ಗಂಟೆ ಹೊಡೆದಾಗ, ನಕಾಶೆಗಳನ್ನು ಸುತ್ತಿಡುವ ಪಕ್ಕದ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಅವಳ ಮುಖ ನೋಡಿಯೇ ಹೇಳಬಹುದಿತ್ತು. ಅದು ಅವನಿಂದ ಆಗುತ್ತಿರಲಿಲ್ಲ. ಮೈಕನ್ನು ತುಟಿಯ ಹತ್ತಿರ ಹಿಡಿದ.

"ಚೂಟಿ, ಕೇಳಿಸ್ತಿದೆಯಾ? ನಾನು ಹೇಳಿದ್ದು ಸುಳ್ಳಮ್ಮ. ನೀನು ಭಾರ ಅಲ್ಲ. ನೀನೊಬ್ಬಳೇ ಕೇಳಿಸಿಕೊಳ್ತಿದ್ದೆ, ನಂಗೆ ಭಯ ಆಯ್ತು. ಅಷ್ಟೇ. ನಿಮ್ಮಪ್ಪನಿಗೆ ಹೇಳ್ತೀನಿ, ಇಲ್ಲೇ ಇರ್ಲಿ ಅಂತ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ನಿಲ್ಲಲಿಲ್ಲ. ಮನೆಯ ಹ್ಞೂಂಗಳನ್ನು ಹೇಳಿದ. ಮೇಷ್ಟ್ರಾಗುವ ಆಸೆ ತನಗೆ ಎಂದೂ ಇರಲಿಲ್ಲ ಎಂದ. ಎಷ್ಟೋ ಕಾಲದ ಮೇಲೆ ಮನಸಾರೆ ಮಾತಾಡಿದ್ದ, ಹಗುರಾಗಿದ್ದ, ನಾಚಿಕೆಯಿಲ್ಲದೆ ಸುಖಪಟ್ಟ.

ಚಿಲಕ ತೆಗೆದು ತರಗತಿಗೆ ಬಂದ. ಯಾರೂ ಇರಲಿಲ್ಲ. ಮುಂದಿನ ಬೆಂಚಿನ ಮೇಲೆ ಎರಡು ಕಿವಿ ಮಷೀನುಗಳು ಒಂದರ ಪಕ್ಕ ಒಂದು ಮಲಗಿದ್ದವು.

ಯಾವಾಗ ತೆಗೆದಿಟ್ಟಳು? ಗಂಟೆ ಹೊಡೆದ ಮೇಲೋ, ಅಥವಾ ಬಿಡುವಿನಲ್ಲೇ ತೆಗೆದು, ಪಿರಿಯಡ್ಡು ಪೂರ್ತಿ ಬರೀ ಅವನ ತುಟಿ ನೋಡಿಕೊಂಡು ಕೂತಿದ್ದಳೋ? ಒಂದನ್ನು ಎತ್ತಿ ತನ್ನ ಕಿವಿಯ ಹತ್ತಿರ ಹಿಡಿದ. ಒಳಗಿನಿಂದ ಯಾರೋ ಏದುಸಿರು ಬಿಡುತ್ತಿದ್ದರು. ಅದು ಅವನೇ.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಎರಡನ್ನೂ ಸರಕ್ಕನೆ ಮುಷ್ಟಿಯೊಳಗೆ ಅಡಗಿಸಿದ. ಮುಷ್ಟಿ ಕೀರಲಾಗಿ ಸಿಳ್ಳೆ ಹಾಕತೊಡಗಿತು. ಕಿವಿಯಲ್ಲಿರಬೇಕಾದ ಮಷೀನನ್ನು ಮುಚ್ಚಿ ಹಿಡಿದರೆ ಅದು ಹಾಗೆ ಕೂಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಆರಿಸುವುದು ಹೇಗೆಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

"ನಮಸ್ಕಾರ ಸರ್." ಹುಡುಗಿಯ ಅಪ್ಪ. ಬೆನ್ನಿಗೆ ಹುಡುಗಿ. "ಮೇಡಂ ನಿಮ್ಮನ್ನೇ ಕೇಳಿ ಅಂದ್ರು. ಇವಳು ಇಲ್ಲೇ ಓದಬಹುದಲ್ವಾ ಸರ್?"

ಅವನು ಎಡಗೈಯಿಂದ ಕೊರಳಿನ ಮೈಕು ಆರಿಸಿದ. ಸಿಳ್ಳೆ ನಿಲ್ಲಲಿಲ್ಲ.

"ಏನೋ ಕೂಗ್ತಿದೆಯಲ್ಲ ಸರ್?"

"ಏನಿಲ್ಲ, ಏನಿಲ್ಲ" ಎಂದು ಇನ್ನಷ್ಟು ಬಿಗಿಯಾಗಿ ಹಿಡಿದ. ಅದು ಇನ್ನಷ್ಟು ಜೋರಾಗಿ ಕೂಗಿತು. ಅಪ್ಪ ಮುಷ್ಟಿಯನ್ನು ನೋಡಿದ. ಆ ಕೋಣೆಯಲ್ಲಿ ಅದು ಕೇಳಿಸದೆ ಇದ್ದದ್ದು ಅವಳೊಬ್ಬಳಿಗೇ. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಮಾತು ಬರಲೆಂದು ಅವನ ತುಟಿಯನ್ನೇ ನೋಡುತ್ತ ನಿಂತಿದ್ದಳು.