ಅಜ್ಜನ ಬಿದ್ದ ಹಲ್ಲು, ಐವತ್ತೈದು ಇಂಚಿನ ಟಿವಿ

ಓದುತ್ತಿರುವವರೇ, ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ನಿಮ್ಮ ಮನೆಯಲ್ಲೂ ಟಿವಿ ಇದೆ, ಗೊತ್ತು. ದೊಡ್ಡದೇ ಇರಬಹುದು. ಆದರೆ ಇಪ್ಪತ್ತೈದು ವರ್ಷದ ಹಿಂದೆ ತೀರಿಕೊಂಡ ಮನುಷ್ಯನನ್ನು ಬೂಸಲು ಹಿಡಿದ ಕ್ಯಾಸೆಟ್ಟಿನೊಳಗಿಂದ ಕೈಹಿಡಿದು ಎಬ್ಬಿಸಿ, ಐವತ್ತೈದು ಇಂಚಿನ ಪರದೆಯ ತುಂಬ ನಿಲ್ಲಿಸಿ ನಗಿಸಿದ ಗಂಡು ನಿಮ್ಮ ಓಣಿಯಲ್ಲಿ ಇದ್ದಾನೆಯೇ? ಇಲ್ಲ. ಬಳ್ಳಾರಿಯಲ್ಲಿ ಇದ್ದಾನೆ. ಒಬ್ಬನೇ. ಹೆಸರು ಶರಣ. ಬಳ್ಳಾರಿಗೆ ಬಿಸಿಲು ಹೇಗೋ, ಟಿವಿಗೆ ಶರಣ ಹಾಗೆ.

ವಯಸ್ಸು ಇಪ್ಪತ್ತಮೂರು. ರಾಯಲ್ ಸರ್ಕಲ್ ಹತ್ತಿರದ ಟಿವಿ ಅಂಗಡಿಯಲ್ಲಿ ಕೆಲಸ. ಅವನ ಫೋನಿನಲ್ಲಿ ರಿಮೋಟಿನ ಸೌಲಭ್ಯವಿತ್ತು. ಸಂಜೆ ಮಿರ್ಚಿ ತಿನ್ನಲು ಹೋದ ಹೋಟೆಲಿನಲ್ಲಿ ಮ್ಯಾಚಿನ ಕೊನೆಯ ಓವರಿಗೆ ಸರಿಯಾಗಿ ಟಿವಿ ಆರಿಸಿ, ಜನ ಮಾಲೀಕನ ಮೇಲೆ ಬೀಳುವಾಗ ತಾನು ಚಟ್ನಿ ಕೇಳುವುದು ಅವನ ಪರಮಾನಂದ. ಬಾಯಿ ಬಿಟ್ಟರೆ ಡೈಲಾಗು. "ಕತ್ತಿ ಹಿಡದಾನ್ನ ನಂಬಬೌದು, ರಿಮೋಟ್ ಹಿಡದಾನ್ನ ನಂಬಬಾರ್ದು" ಎನ್ನುವುದು ಅವನೇ ಬರೆದು ಅವನೇ ಚಪ್ಪಾಳೆ ಹೊಡೆದುಕೊಂಡ ಸಾಲು.

ಅಂಗಡಿಯಲ್ಲಿ ಅವನಿಗೊಂದು ನೇಮವಿತ್ತು. ಹಳೆಯ ಚಿತ್ರಗಳು ಚೌಕಾಕಾರ. ಹೊಸ ಟಿವಿಯಲ್ಲಿ ಹಾಕಿದರೆ ಎಡಬಲಕ್ಕೆ ಕಪ್ಪು ಪಟ್ಟಿ ಉಳಿಯುತ್ತದೆ. ಶರಣ ಆ ಕಪ್ಪನ್ನು ಉಳಿಯಗೊಡುತ್ತಿರಲಿಲ್ಲ. "ಬೀಗರ ಎಲಿಯೊಳಗ ಖಾಲಿ ಜಾಗ ಬಿಡ್ತೀರೇನ್ರಿ?" ಎಂದು ಗಿರಾಕಿಯನ್ನು ಕೇಳಿ, ಚಿತ್ರವನ್ನು ಅಂಚಿಗೆ ಅಂಚು ಎಳೆದುಬಿಡುತ್ತಿದ್ದ. ಗಿರಾಕಿಗೂ ಅದೇ ಬೇಕು. ಬಳ್ಳಾರಿಯಲ್ಲಿ ಎಷ್ಟೋ ಮನೆಗಳ ಹಳೇ ನಾಯಕಿಯರು ಇವತ್ತಿಗೂ ರೊಟ್ಟಿಯ ಹಾಗೆ ಅಗಲವಾಗಿ ಕುಣಿಯುತ್ತಿದ್ದರೆ ಅದು ಶರಣನ ಕೃಪೆ.

ಇಂಥವನ ಮನೆಗೆ, ಕಂಟೋನ್ಮೆಂಟಿನ ಬಾಡಿಗೆ ಮನೆಗೆ, ಸಿರುಗುಪ್ಪದಿಂದ ಅಜ್ಜಿ ಚನ್ನವೀರಮ್ಮ ಬಂದಳು. ಶರಣನ ತಾಯಿ ದಾಕ್ಷಾಯಣಿಯ ತಾಯಿ. ಬಂದವಳು ಚೀಲದಿಂದ ಸೋನಾಮಸೂರಿ ಅಕ್ಕಿ ತೆಗೆದಳು, ಕೆಂಪು ಚಟ್ನಿ ತೆಗೆದಳು, ಆಮೇಲೆ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಸೀಡಿ ತೆಗೆದಳು. ೧೯೯೯ರಲ್ಲಿ ಕುರುಗೋಡಿನಲ್ಲಿ ನಡೆದ ದಾಕ್ಷಾಯಣಿಯ ಮದುವೆಯದು.

"ಇದ್ರಾಗ ನಿಮ್ಮಜ್ಜ ತುಪ್ಪ ಬಡಸ್ತಾ ನಗ್ತಾರ. ತೋರ್ಸು."

ಅಜ್ಜ ಮರಿಬಸಪ್ಪ ಆ ಮದುವೆಯ ಮರುವರ್ಷ ತೀರಿಕೊಂಡಿದ್ದ. ಶರಣ ಅವನನ್ನು ಕಂಡವನೇ ಅಲ್ಲ. ಗೊತ್ತಿದ್ದುದು ಸಿರುಗುಪ್ಪದ ಪಡಸಾಲೆಯ ಫೋಟೋ ಒಂದೇ. ಅದರಲ್ಲಿ ಅಜ್ಜ ಕರಿ ಕೋಟು ಹಾಕಿ, ತುಟಿ ಬಿಗಿದು, ತಹಸೀಲ್ದಾರನ ಹಾಗೆ ನೋಡುತ್ತಾನೆ.

"ಆ ಕೋಟು ನಮ್ದಲ್ಲ," ಎಂದಳು ಅಜ್ಜಿ. "ಸ್ಟುಡಿಯೋದಾವ ಬಣ್ಣದಾಗ ಹಾಕಿದ್ದು. ಹುಬ್ಬೂ ಅವಂದ. ನಿಮ್ಮಜ್ಜಗ ಮುಂದಿನ ಹಲ್ಲು ಒಂದು ಇದ್ದಿಲ್ಲಪ್ಪ. ಭತ್ತದ ಗಾಡಿ ನೊಗ ಬಡದು ಹೋಗಿತ್ತು. ನಗು ಬಂದ್ರ ಕೈ ಅಡ್ಡ ಹಿಡಿತಿದ್ರು. ಇಪ್ಪತ್ತೈದು ವರ್ಷ ಆ ಫೋಟೋಕ್ಕ ಊದಿನಕಡ್ಡಿ ಹಚ್ಚಿ ಹಚ್ಚಿ, ಈಗ ಕಣ್ಣು ಮುಚ್ಚಿದ್ರ ಆ ಕೋಟಿನಾವನ ಬರ್ತಾನ. ನಗೋರು ಬರವಲ್ರು."

ಹೇಳಿ, ಚಟ್ನಿ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. ಅಜ್ಜಿ ಸೋಮವಾರ ಬೆಳಿಗ್ಗೆ ಬಸ್ಸು ಹತ್ತುವವಳು. ಅವತ್ತು ಗುರುವಾರ.

"ಅಜ್ಜಿ," ಎಂದು ಶರಣ ಎದೆ ಉಬ್ಬಿಸಿದ, "ಈ ಶರಣ ಒಮ್ಮೆ ಮೆನು ಒಳಗ ಕಾಲಿಟ್ಟ ಅಂದ್ರ, ಸೆಟ್ಟಿಂಗು ಎದ್ದು ನಿಂತು ಸಲಾಮ್ ಹೊಡಿಬೇಕು!"

"ಮೊದ್ಲು ಚಪ್ಪಲಿ ಹೊರಗ ಬಿಟ್ಟು ಮನಿಯೊಳಗ ಕಾಲಿಡು."

ಸೀಡಿ ಹಾಕಿದರೆ ಚಿತ್ರ ಚೌಕ ಚೌಕವಾಗಿ ಒಡೆದು, ಪರದೆಯ ಮೇಲೆ ಮದುವೆಯಲ್ಲ, ಬಣ್ಣಬಣ್ಣದ ಇಟ್ಟಿಗೆ ಭಟ್ಟಿ ಕಂಡಿತು. ತುಪ್ಪದ ಗಿಂಡಿ ಹಿಡಿದ ನಾಲ್ಕು ಇಟ್ಟಿಗೆಗಳನ್ನು ತೋರಿಸಿ ದಾಕ್ಷಾಯಣಿ, "ಅಪ್ಪ!" ಎಂದಳು. ಮೇಲಾಗಿ ಶರಣನ ನೇಮದಂತೆ ಚಿತ್ರ ಅಂಚಿನವರೆಗೆ ಎಳೆದಿತ್ತು.

"ನಮ್ಮನಿಯವರು ಇಷ್ಟು ದಪ್ಪ ಯಾವಾಗ ಆದ್ರು?" ಎಂದಳು ಅಜ್ಜಿ.

ಮರುದಿನ ರಜೆ ಹಾಕಿ ಶರಣ ಬೈಕು ಹತ್ತಿ ಕುರುಗೋಡಿಗೆ ಹೋದ. ಮದುವೆಯ ವಿಡಿಯೋ ತೆಗೆದ ದುರುಗಣ್ಣ ಈಗ ಕ್ಯಾಮೆರಾ ಬಿಟ್ಟು ಝೆರಾಕ್ಸ್ ಅಂಗಡಿ ಇಟ್ಟಿದ್ದ. ಆದರೆ ತೆಗೆದ ಮದುವೆಗಳ ಮೂಲ ಕ್ಯಾಸೆಟ್ಟುಗಳನ್ನೆಲ್ಲ ಬೇವಿನೆಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದ. ಹಳೇ ಪ್ಲೇಯರಿಗೆ ಕ್ಯಾಸೆಟ್ ಹಾಕಿ, ಕಂಪ್ಯೂಟರಿಗೆ ಇಳಿಸಿ, ಪೆನ್‌ಡ್ರೈವಿಗೆ ತುಂಬಿಕೊಟ್ಟ.

"ಚಿತ್ರದ ತುಂಬ ಇರಿವಿ ಹರದಾಡಿದಂಗ ಕಾಣ್ತೈತಿ ದುರುಗಣ್ಣ. ಎಲ್ಲಾ ಗುಡಿಸಿ ಹಾಕ್ತೀನಿ ನೋಡು."

"ಇರಿವಿ ಹೊಡಿಬ್ಯಾಡಲೇ. ಆ ಇರಿವ್ಯಾಗ ಮನುಷ್ಯಾ ಅದಾನ," ಎಂದ ದುರುಗಣ್ಣ. ಎರಡು ಕೈಯನ್ನು ಮೊಳದಗಲ ಹಿಡಿದು, "ಆಗ ಎಲ್ರ ಮನ್ಯಾಗೂ ಇಷ್ಟಗಲ ಟಿವಿ. ಅದಕ್ಕಂತ ತೆಗಿತಿದ್ವಿ," ಎಂದೂ ಸೇರಿಸಿದ.

ಹೀರೋ ಆದವನು ಇಂಟರ್ವಲ್ಲಿಗೆ ಮೊದಲು ಬುದ್ಧಿಮಾತು ಕೇಳುವುದುಂಟೇ?

ಶನಿವಾರ ಇಡೀ ಮಧ್ಯಾಹ್ನ ಶರಣ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಕೂತ. ಚಿತ್ರದಲ್ಲಿ ಯಾರಾದರೂ ಕೈ ಬೀಸಿದರೆ ಬಾಚಣಿಗೆಯ ಹಲ್ಲಿನಂತೆ ಸೀಳುತ್ತಿದ್ದ ಅಂಚುಗಳನ್ನು ಕೂಡಿಸಿದ. ಚಿತ್ರ ಹಿಗ್ಗಿಸುವ ಬಗೆಗಳಲ್ಲಿ ಎಲ್ಲಕ್ಕಿಂತ ನುಣುಪಾದದ್ದನ್ನು ಆರಿಸಿದ. ಇರುವೆಗಳನ್ನು ಗುಡಿಸುವ ಗುಂಡಿಯನ್ನು ಕೊನೆಯ ತನಕ ತಿರುಗಿಸಿದ. ಮೆನುವಿನ ಮೂಲೆಯಲ್ಲಿ ಡಿದರಿಂಗ್ ಎಂಬುದೊಂದಿತ್ತು. ಚಿತ್ರಕ್ಕೆ ಸಣ್ಣ ಕಾಳು ಸೇರಿಸುತ್ತದೆ ಎಂದು ಬರೆದಿತ್ತು. "ಕಸ ಹೊಡದ ಮನ್ಯಾಗ ಮತ್ತ ಕಸ ಹಾಕ್ತಾರೇನು?" ಎಂದು ಅದನ್ನು ಬಂದ್ ಮಾಡಿದ.

ಸಂಜೆ ನಾಲ್ಕಕ್ಕೆ ಅಜ್ಜಿಯನ್ನು ಸೋಫಾದ ಮೇಲೆ ಕೂರಿಸಿದ. ಪರದೆಯ ಮೇಲೆ ಊಟದ ಪಂಕ್ತಿ. ಮರಿಬಸಪ್ಪ ಗಿಂಡಿ ಹಿಡಿದು ಬಂದ. ಬಗ್ಗಿ ಹೋಳಿಗೆಗೆ ತುಪ್ಪ ಬಿಟ್ಟ. ಯಾರೋ ಏನೋ ಅಂದರು. ತಿರುಗಿ ಕ್ಯಾಮೆರಾ ಕಡೆ ನಕ್ಕ. ಹನ್ನೊಂದು ಸೆಕೆಂಡು. ಮುಖ ಈಗಷ್ಟೇ ಒರೆಸಿದ ಬಟ್ಟಲಿನ ಹಾಗೆ ಲಕಲಕ ಹೊಳೆಯಿತು.

ಶರಣ ಶಿಳ್ಳೆ ಹೊಡೆದ. ಅಜ್ಜಿ ಪರದೆಯ ಹತ್ತಿರಕ್ಕೆ ಸರಿದಳು. ಮತ್ತೊಮ್ಮೆ ಹಾಕಿಸಿದಳು. ಆಮೇಲೆ ಮೆಲ್ಲಗೆ, "ಇವ್ರಿಗೆ ಎಲ್ಲಾ ಹಲ್ಲು ಅದಾವಲ್ಲೋ," ಎಂದಳು.

ಶರಣ ಬಗ್ಗಿ ನೋಡಿದ. ನಿಜ. ಎರಡೇ ಎರಡು ಕಪ್ಪು ಚುಕ್ಕಿಯಷ್ಟಿದ್ದ ಸಂದಿಯನ್ನು ಇರುವೆ ಎಂದೇ ತಿಳಿದು ಮಷೀನು ಗುಡಿಸಿಬಿಟ್ಟಿತ್ತು. ಅಜ್ಜನ ಬಾಯಲ್ಲಿ ಬಿಳೀ ಹಲ್ಲಿನ ಸಾಲು ಸಂಪೂರ್ಣ.

"ಆ ಸ್ಟುಡಿಯೋದಾವ ಕೋಟು ಹಾಕಿದ. ನೀನು ಹಲ್ಲು ಕಟ್ಟಿದಿ," ಎಂದಳು ಅಜ್ಜಿ. "ಇವ್ರು ಅವ್ರಲ್ಲ. ಬಿಡಪ್ಪ, ಆರ್ಸು."

ಬೈದಿದ್ದರೆ ಶರಣ ಉತ್ತರ ಕೊಡುತ್ತಿದ್ದ. ಬೈಯಲಿಲ್ಲ. ಎದ್ದು ಹೋಗಿ ಅವರೆಕಾಯಿ ಸುಲಿಯುತ್ತ ಕೂತಳು. ದಾಕ್ಷಾಯಣಿ ಮಗನ ಕಿವಿಯ ಹತ್ತಿರ ಬಂದು, "ಎಲ್ರ ಹಲ್ಲು ಉದುರಸ್ತೀನಿ ಅಂತ ಡೈಲಾಗ್ ಹೊಡಿತಿದ್ದಿ. ಉದ್ರಿದ್ದು ಒಂದು ಹಲ್ಲು ಉಳ್ಸಾಕ ಆಗ್ಲಿಲ್ಲ ನಿಂಗ," ಎಂದಳು.

ಭಾನುವಾರ ಬೆಳಿಗ್ಗೆ ಅಜ್ಜಿ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದಳು. ನವಿಲು. ಕುತ್ತಿಗೆಯ ನೀಲಿ ತುಂಬಿ, ಎದೆಯ ಹಸಿರು ತುಂಬಿ, ಎರಡೂ ಸೇರುವ ಕಡೆ ಕೈ ನಿಲ್ಲಿಸಿದಳು. ಶರಣ ಹಲ್ಲುಜ್ಜುತ್ತ ನಿಂತಿದ್ದ.

"ನಿನ್ನಿ ನಿನ್ನ ಟಿವ್ಯಾಗ ಪೆಂಡಾಲಿನ ನೀಲಿ ಬಟ್ಟಿ ನೋಡಿದೇನು?" ಎಂದಳು ತಲೆ ಎತ್ತದೆ. "ಒಂದು ನೀಲಿ, ಅದರ ಬಾಜು ಇನ್ನೊಂದು ನೀಲಿ, ಗೆರಿ ಕೊರದಂಗ. ಬಟ್ಟಿ ಹಂಗಿರತೈತೇನು? ಇಲ್ಲಿ ನೋಡು."

ನೀಲಿಯ ಒಂದು ಚಿಟಿಕೆ ಹಸಿರಿನ ಅಂಚಿಗೆ ಉದುರಿಸಿದಳು, ಹಸಿರಿನ ಒಂದು ಚಿಟಿಕೆ ನೀಲಿಯ ಅಂಚಿಗೆ. ಹತ್ತಿರದಿಂದ ನೋಡಿದರೆ ಬರೀ ಚೆಲ್ಲಾಪಿಲ್ಲಿ ಕಾಳು. "ಹಿಂದಕ ಸರಿ," ಎಂದಳು. ಶರಣ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಾಲ್ಕು ಹೆಜ್ಜೆ ಹಿಂದೆ ಹೋದ. ಗೆರೆ ಮಾಯವಾಗಿತ್ತು. ನವಿಲಿನ ಕುತ್ತಿಗೆ ನೀಲಿಯಿಂದ ಹಸಿರಿಗೆ ಸುಮ್ಮನೆ ಜಾರಿತ್ತು.

ಬಾಯಿಯ ನೊರೆ ಉಗುಳಿದವನೇ ಒಳಗೆ ಓಡಿದ. ಮೆನುವಿನ ಮೂಲೆಯಲ್ಲಿ ಬಂದ್ ಮಾಡಿಟ್ಟಿದ್ದ ಡಿದರಿಂಗನ್ನು ಹಾಕಿದ. ಪೆಂಡಾಲಿನ ನೀಲಿಯ ಪಟ್ಟಿಗಳು ಕರಗಿ ಮತ್ತೆ ಒಂದೇ ಬಟ್ಟೆಯಾದವು. ಇರುವೆ ಗುಡಿಸುವ ಗುಂಡಿಯನ್ನು ಸೊನ್ನೆಗೆ ತಂದ. ಅಂಚು ಚೂಪು ಮಾಡುವುದನ್ನೂ ಬಂದ್ ಮಾಡಿದ. ಇರುವೆಗಳು ಮರಳಿ ಬಂದವು, ಅವುಗಳ ಜೊತೆ ಅಜ್ಜನ ಬಾಯಲ್ಲಿ ಆ ಕಪ್ಪು ಸಂದಿಯೂ ಬಂತು.

ಹನ್ನೊಂದು ಗಂಟೆಗೆ ಕಿಟಕಿಯ ಪರದೆ ಎಳೆದು ಎಲ್ಲರನ್ನೂ ಕೂರಿಸಿದ. ತುಪ್ಪದ ಗಿಂಡಿ ಬಂತು. ಐವತ್ತೈದು ಇಂಚಿನ ತುಂಬ, ಅಂಚಿನಿಂದ ಅಂಚಿಗೆ, ಮರಿಬಸಪ್ಪ ನಕ್ಕ. ಅಜ್ಜಿ ಕೈಮುಗಿದು, "ನೀನೊಬ್ಬ ಗಂಡು ಕಣೋ ಶರಣ," ಎಂದಳು. ಹಿನ್ನೆಲೆಯಲ್ಲಿ ಸಂಗೀತ. ಶುಭಂ.

ಅಂಗಡಿಯಲ್ಲಿ ಶರಣ ಕಥೆಯನ್ನು ಇಲ್ಲಿಗೇ ಮುಗಿಸುತ್ತಾನೆ. ಮೊದಲು ನಿಮ್ಮೆದುರು ಅಷ್ಟು ಬಡಾಯಿ ಕೊಚ್ಚಿದ್ದರಿಂದ ನಾನೂ ಇಲ್ಲಿಗೇ ಮುಗಿಸಬೇಕು. ಆದರೆ ಆ ಕೊನೆಯ ನಾಲ್ಕು ಸಾಲು ಸುಳ್ಳು. ನಡೆದದ್ದು ಬೇರೆ.

ಅಂಚಿನಿಂದ ಅಂಚಿಗೆ ಹಿಗ್ಗಿಸಿದ ಅಜ್ಜ ಭಾನುವಾರವೂ ಕಾಣಲಿಲ್ಲ. ಇರುವೆಗಳು ಈಗ ಕಟ್ಟಿರುವೆಗಳಷ್ಟು ದಪ್ಪವಾಗಿದ್ದವು. ಸಂದಿ ಇತ್ತು, ಸುತ್ತ ಮುಖವೇ ಚೆದುರಿತ್ತು. ಅಜ್ಜಿ ಸೋಫಾದಿಂದ ಎದ್ದು ಹಿಂದೆ ಸರಿದಳು. ಗೋಡೆಗೆ ಬೆನ್ನು ಹತ್ತಿತು. ಬಾಗಿಲು ದಾಟಿ ಹೊರಗೆ ಹೋಗಿ, ರಂಗೋಲಿಯ ಪಕ್ಕ ನಿಂತು, ಅಲ್ಲಿಂದ ಕಣ್ಣು ಕಿರಿದು ಮಾಡಿ ನೋಡಿದಳು.

"ಇನ್ನೂ ಎಷ್ಟು ಹಿಂದಕ ಹೋಗ್ಲೋ? ಸಿರುಗುಪ್ಪಕ್ಕ ಹೋಗ್ಲೇನು? ಚಿತ್ರ ಸಣ್ಣದು ಮಾಡು."

"ಅಜ್ಜಿ, ಅಷ್ಟು ದೊಡ್ಡ ಟಿವ್ಯಾಗ ಖಾಲಿ ಜಾಗ ಬಿಟ್ರ, ಎಲಿ ಖಾಲಿ ಬಿಟ್ಟಂಗ—"

"ಎಲಿ ದೊಡ್ಡದೈತಿ ಅಂತ ಒಂದು ಹೋಳಿಗಿನ ಎಲಿ ತುಂಬ ಲಟ್ಟಸ್ತಾರೇನೋ ಮಬ್ಬ?"

ಶರಣ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತ. ಹಿಗ್ಗಿಸುವುದನ್ನು ಪೂರ್ತಿ ತೆಗೆದುಹಾಕಿದ. ಕರೀ ಪರದೆಯ ನಟ್ಟನಡುವೆ ಮೊಳದಗಲದ ಚಿತ್ರ ನಿಂತಿತು, ಹಳೇ ಪೋರ್ಟಬಲ್ ಟಿವಿಯಷ್ಟು, ದುರುಗಣ್ಣ ಕೈಯಲ್ಲಿ ಅಳೆದು ತೋರಿಸಿದಷ್ಟು. ಆ ಪುಟ್ಟ ಚೌಕದಲ್ಲಿ ತೆಳ್ಳಗಿನ ಮನುಷ್ಯನೊಬ್ಬ ದೋತರ ಎತ್ತಿ ಕಟ್ಟಿ ತುಪ್ಪ ಬಡಿಸುತ್ತ ಬಂದ. ತಿರುಗಿದ. ನಕ್ಕ. ಸಂದಿ ಕಂಡಿತು. ಅಷ್ಟರಲ್ಲಿ ಎಡಗೈ ಮೇಲೆ ಬಂದು ಬಾಯಿ ಮುಚ್ಚಿತು. ಆ ಕೈಯನ್ನು ಶರಣ ಮೂರು ದಿನದಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ.

ಅಜ್ಜಿ ಒಳಗೆ ಬಂದು ಟಿವಿಯ ಮುಂದೆ ನೆಲದ ಮೇಲೆ ಕೂತಳು. ಕೈಮುಗಿಯಲಿಲ್ಲ. ಶರಣನನ್ನು ಹೊಗಳಲೂ ಇಲ್ಲ, ಅವನು ಅಲ್ಲಿದ್ದುದೇ ಅವಳಿಗೆ ಮರೆತಿತ್ತು. ಚಿತ್ರಕ್ಕೆ ಹೇಳಿದಳು: "ಕೈ ತೆಗಿರಿ. ಯಾರೂ ನಗಾಂಗಿಲ್ಲ."

ಚಿತ್ರ ಮುಗಿದಾಗ ಶರಣನಿಗೆ, "ಇನ್ನೊಮ್ಮೆ ತುಪ್ಪ ಬಡಸ್ರಿ ಅನ್ನು," ಎಂದಳು.

ಶರಣ ಒಂಬತ್ತು ಸಲ ಬಡಿಸಿದ. ಒಂದು ಡೈಲಾಗೂ ಹೊಡೆಯಲಿಲ್ಲ. ಅಂಗಡಿಯಲ್ಲಿ ಈಗಲೂ ಅಂಚಿನಿಂದ ಅಂಚಿಗೇ ಎಳೆಯುತ್ತಾನೆ, ಅದು ಅವನ ಹೊಟ್ಟೆಪಾಡು. ಆದರೆ ಯಾರಾದರೂ ಹಳೇ ಮದುವೆಯ ಸೀಡಿ ತಂದರೆ ಮಾತ್ರ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಮನ್ಯಾಗ ವಯಸ್ಸಾದೋರು ಅದಾರೇನ್ರಿ? ಹಂಗಾದ್ರ ಸಣ್ಣದ ಇರಲಿ ಬಿಡ್ರಿ," ಅನ್ನುತ್ತಾನೆ.