ರೈಲು ಚಿತ್ರದ ಹಾಳೆ

ಬಹರೈನಿಗೆ ಬಂದ ನಮ್ಮೂರವರಿಗೆ ಒಂದು ಚಟ ಅಂಟುತ್ತದೆ, ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಲ್ಯಾಮಿನೇಟ್ ಮಾಡಿಸುವುದು. ಮದುವೆ ಸರ್ಟಿಫಿಕೇಟು, ಮಕ್ಕಳ ಮಾರ್ಕ್ಸ್ ಕಾರ್ಡು, ಕಡೆಗೆ ಸಂತ ಅಂತೋನಿಯ ಚಿತ್ರವನ್ನೂ ಬಿಡುವುದಿಲ್ಲ. ಇಲ್ಲಿನ ಬುಸೈತೀನ್ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಫ್ಲೆನ್ಸಿಗಂತೂ ಅದು ಕೈಗೇ ಹತ್ತಿಬಿಟ್ಟಿತ್ತು. ಇಲ್ಲದಿದ್ದರೆ ರಾಶಿದ್ ಮೇಷ್ಟ್ರ ಹಾಳೆಗೆ ಆ ಗತಿ ಬರುತ್ತಿತ್ತೇ?

ಬಹರೈನಿನವರೇ ಆದ ಆ ನಿವೃತ್ತ ಮೇಷ್ಟ್ರು ಕೊಟ್ಟದ್ದು ನೂರೆಪ್ಪತ್ತು ವರ್ಷ ಹಳೆಯ, ಯಾರೂ ಬರೆಯದೇ ಉಳಿದ ಪತ್ರದ ಹಾಳೆ. ಮೇಲ್ಗಡೆ ಯಾವುದೋ ಇಂಗ್ಲಿಷ್ ಊರಿನ ಚಿತ್ರ ಅಚ್ಚಾಗಿತ್ತು. ಇಗರ್ಜಿಯ ಗೋಪುರ, ಸೇತುವೆಯ ಮೇಲೆ ಉದ್ದ ಚಿಮಣಿಯ ಪುಟ್ಟ ರೈಲು, ಛಾವಣಿಯಿಲ್ಲದ ಡಬ್ಬಿಗಳಲ್ಲಿ ಟೋಪಿ ಹಿಡಿದು ಕುಳಿತ ಜನ. ಕೆಳಗೆಲ್ಲ ಖಾಲಿ. ಒಂದು ಕಲರ್ ಕಾಪಿ ಬೇಕೆಂದಷ್ಟೇ ಹೇಳಿ ಹೋಗಿದ್ದರು. ಕಾಪಿ ತೆಗೆದವಳು ಅಷ್ಟಕ್ಕೇ ಬಿಡಬೇಕೋ ಬೇಡವೋ? ಈ ಸೆಕೆಗೆ ಪಾಪ ಹಾಳಾದೀತೆಂದು ಅಸಲು ಹಾಳೆಯನ್ನೇ ಬಿಸಿ ಯಂತ್ರಕ್ಕೆ ತೂರಿಸಿದಳು. ಪುಕ್ಕಟೆ ಉಪಕಾರ!

ಸಂಜೆ ಬಂದ ರಾಶಿದ್ ಹೊಳೆಯುವ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮೊಮ್ಮಗಳಿಗೆ ಇದರಲ್ಲಿ ಪತ್ರ ಬರೆಯಬೇಕಿತ್ತು," ಎಂದರು ಹಿಂದಿಯಲ್ಲಿ. "ನಮ್ಮ ದ್ವೀಪದಲ್ಲಿ ರೈಲಿಲ್ಲ, ಅವಳಿಗೆ ರೈಲೆಂದರೆ ಹುಚ್ಚು. ಮೊದಲು ಕಾಪಿಯಲ್ಲಿ ಬರೆದು ನೋಡೋಣ ಅಂತಿದ್ದೆ. ಯಾರು ಮಾಡಿದ್ದು?"

"ಧನಂಜಯ," ಎಂದುಬಿಟ್ಟಳು ಫ್ಲೆನ್ಸಿ. ಅವಳ ಜೊತೆ ಕೆಲಸ ಮಾಡುವ ಧನಂಜಯ ಆಗ ಡೆಲಿವರಿಗೆಂದು ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸುಗಳ ಕಡೆ ಹೋಗಿದ್ದ. ಎದುರಿಗಿಲ್ಲದವನ ತಲೆಗೆ ಕಟ್ಟುವುದು ಎಷ್ಟು ಸಲೀಸು ನೋಡಿ.

ರಾಶಿದ್ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಚೆನ್ನಾಗಿ ಬೈದಿದ್ದರೂ ಆಗುತ್ತಿತ್ತು. ಮನೆಗೆ ಹೋದ ಫ್ಲೆನ್ಸಿಗೆ ನಾಚಿಕೆಯೆಂದರೆ ನಾಚಿಕೆ. ಮರುದಿನ ಧನಂಜಯನಿಗೆ ಹೇಳಲು ಹೋದವಳು ಕಾಗದದ ಕಟ್ಟು ಮುಗಿಯಿತೇ ಎಂದು ಕೇಳಿ ತಿರುಗಿ ಬಂದಳು.

ಶನಿವಾರ ರಾಶಿದ್ ಹಲ್ವದ ಡಬ್ಬಿ ಹಿಡಿದು ಬಂದರು. ಫ್ಲೆನ್ಸಿಯನ್ನು ದಾಟಿ ನೇರ ಧನಂಜಯನ ಬಳಿ ಹೋಗಿ ಹೆಗಲ ಮೇಲೆ ಕೈಯಿಟ್ಟರು.

"ಆ ರೈಲಿನ ಹಾಳೆ ಹಾಳಾಗದಿರಲಿ ಅಂತಲೇ ಲ್ಯಾಮಿನೇಟ್ ಮಾಡಿದ್ದೀ, ಗೊತ್ತು. ಮನಸ್ಸಿಗೆ ಹಚ್ಚಿಕೊಳ್ಳಬೇಡ ಮಗಾ."

ಧನಂಜಯ ಫ್ಲೆನ್ಸಿಯ ಮುಖ ನೋಡಿದ. ಅವಳು ಕೈಯಲ್ಲಿದ್ದ ಸ್ಟೇಪ್ಲರ್ ನೋಡಿದಳು. ಈಗಲಾದರೂ ಹೇಳಬಹುದಿತ್ತು.

"ಸಾರಿ ಸರ್," ಎಂದ ಧನಂಜಯ. "ಇನ್ನು ಕೇಳಿಯೇ ಮಾಡ್ತೇನೆ."

ಅವರ ಕಾರು ತಿರುವು ದಾಟಿದ ಮೇಲೆ ಫ್ಲೆನ್ಸಿಗೆ ಧೈರ್ಯ ಬಂತು. "ಅದು ನಾನು ಮಾಡಿದ್ದು ಮಾರಾಯ."

"ನನಗೆ ಎಂತಕ್ಕೆ ಹೇಳುದು? ಅವರು ಇಷ್ಟು ಹೊತ್ತು ಇಲ್ಲೇ ನಿಂತಿದ್ರಲ್ಲ." ಅವನು ಹಲ್ವದ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದ. "ತಿನ್ನು. ಇದು ನಿಂದೇ ಅಲ್ವಾ."